ಪೇಟೆ ನಿಂತ ಹೊತ್ತಿನಲ್ಲಿ ಅಜ್ಜ

ವಿದ್ಯಾನಗರ, ದಾವಣಗೆರೆ
ಫೆಬ್ರವರಿ ೧೮, ಬುಧವಾರ ಮಧ್ಯಾಹ್ನ

ಪ್ರೀತಿಯ ಅಜ್ಜಿ,

ಗುತ್ತೂರಿನ ಮಗಳ ಮನೆಯೆಂಬ ಮಹಾಸಂಸ್ಥಾನದಲ್ಲಿ ಬಿಡಾರ ಹೂಡಿರುವ ತಮ್ಮ ಮಂಡಿನೋವು ಹೇಗಿದೆ? ರೇವತಿ ಅತ್ತೆ ಎಣ್ಣೆ ತಿಕ್ಕುತ್ತಿದ್ದಾರೋ, ಇಲ್ಲ ಧಾರಾವಾಹಿ ಮುಗಿಯಲಿ ಅನ್ನುತ್ತಿದ್ದಾರೋ? ಫೋನೆಂಬ ವಸ್ತುವನ್ನೇ ಇನ್ನು ಮುಟ್ಟುವುದಿಲ್ಲ ಎಂದು ನೀನು ಶಪಥ ಮಾಡಿ ಹೋಗಿರುವುದರಿಂದ ಈ ಕಾಗದ. ಮಸ್ತಾನಸಾಬ್ ಮಾಮ ತಮ್ಮ ಗಾಡಿಯಲ್ಲಿ ಗುತ್ತೂರಿನ ಫ್ಯಾಕ್ಟರಿಗೆ ಸಾಮಾನು ಹಾಕಲು ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. "ಆ ಫೋನಿನ ಜೊತಿಗೇ ಸಂಸಾರ ಮಾಡ್ರಿ, ಅದು ಬ್ಯಾಡ ಅನಿಸಿದ ದಿನ ಬರ್ತೀನಿ" ಎಂದು ಅಜ್ಜನಿಗೆ ಹೇಳಿ ಹೋದೆಯಲ್ಲ, ಆ ದಿನ ಬಂದಿದೆಯೇ ಎಂಬುದೇ ಸದ್ಯ ನನ್ನ ಸಂಶೋಧನೆಯ ವಿಷಯ. ವರದಿ ಒಪ್ಪಿಸಿಕೊಳ್ಳಬೇಕು.

ಇವತ್ತು ಬೆಳಿಗ್ಗೆಯೂ ಎಂದಿನಂತೆ ಅಜ್ಜ ಪೂಜೆ ಮುಗಿಸಿ, ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡು, ಬೆರಳಲ್ಲಿ ಉಳಿದದ್ದನ್ನು ಫೋನಿಗೂ ಒರೆಸಿ, ಷೇರುಪೇಟೆ ತೆರೆಯುವುದನ್ನು ಕಾಯುತ್ತ ಕುಳಿತ. ಯಾವುದೋ ಸಿಮೆಂಟ್ ಕಂಪನಿಯ ಷೇರು ಕೊಳ್ಳಬೇಕಂತೆ. ಒತ್ತಿದ. ಪರದೆಯ ಮೇಲೆ ಚಕ್ರವೊಂದು ಸುತ್ತತೊಡಗಿತು, ಸುತ್ತುತ್ತಲೇ ಇತ್ತು. "ಕಾದೈತೆ, ತಣ್ಣಗಾದ್ರೆ ಸರಿಹೋಗ್ತೈತೆ" ಎಂದು, ಹಿಂದೆ ಮಂಡಕ್ಕಿ ಭಟ್ಟಿಯ ಮೋಟಾರಿಗೆ ಮಾಡುತ್ತಿದ್ದ ಚಿಕಿತ್ಸೆಯನ್ನೇ ಮಾಡಿದ. ಅಂದರೆ ಒದ್ದೆ ಪಂಚೆ ಹಿಂಡಿ ಫೋನಿಗೆ ಸುತ್ತಿದ! ಓಡಿಹೋಗಿ ಬಿಡಿಸಿದೆ. ಕೆಟ್ಟಿರುವುದು ನಿನ್ನ ಫೋನಲ್ಲ ಅಜ್ಜ, ಷೇರು ದಲ್ಲಾಳಿ ಕಂಪನಿಯ ಸಿಸ್ಟಂ ಎಂದೆ. "ಅದು ಎಲ್ಲೈತೆ?" ಎಂದ. ಇಷ್ಟು ವರ್ಷ ವ್ಯವಹಾರ ಮಾಡಿದವನಿಗೆ ಈ ಪ್ರಶ್ನೆ ಹುಟ್ಟಿದ್ದು ಇವತ್ತು. ನನಗೂ ಕುತೂಹಲ ಹತ್ತಿತು, ನನ್ನ ಫೋನಿನಲ್ಲಿ ಹುಡುಕಿ ಓದಿದೆ. ಎಲ್ಲೋ ತಣ್ಣನೆ ಕೋಣೆಯಲ್ಲಿ ಸಾಲುಸಾಲು ಯಂತ್ರಗಳಂತೆ. ಅವು ಮಲಗಿದರೆ ಬೇರೆ ಊರಿನಲ್ಲಿರುವ ಅಂಥವೇ ಯಂತ್ರಗಳು ಎದ್ದು ಕೆಲಸ ಹಿಡಿಯಬೇಕು. ಅದಕ್ಕೆ ಬ್ಯಾಕಪ್ ಅನ್ನುತ್ತಾರೆ. ಆಗಾಗ ರಜೆಯ ದಿನ ಬೇಕಂತಲೇ ಒಂದನ್ನು ಮಲಗಿಸಿ, ಇನ್ನೊಂದು ಏಳುತ್ತದೋ ಇಲ್ಲವೋ ಎಂದು ಪರೀಕ್ಷೆಯನ್ನೂ ಮಾಡುತ್ತಾರಂತೆ. ಎಂಥ ಚಂದದ ಕಿತಾಪತಿ! ಇದನ್ನೆಲ್ಲ ಓದಿ ಹೇಳಿದೆ. ಅಜ್ಜ ಒದ್ದೆ ಪಂಚೆಯನ್ನು ಕೊಡವುತ್ತ, "ನಿಮ್ಮಜ್ಜಿಗೆ ಬ್ಯಾಕಪ್ ಇಲ್ಲ ನೋಡು" ಎಂದ.

ಆಮೇಲೆ ಎದ್ದ. ನಿನ್ನ ಕರಿಬೇವಿನ ಗಿಡಕ್ಕೆ ನೀರು ಹಾಕಿ, "ಇದು ಯಾವಾಗ ಒಣಗ್ತಲೇ?" ಎಂದು ನನ್ನ ಮೇಲೇ ಸಿಟ್ಟಾದ. ಸಕ್ಕರೆ ಡಬ್ಬಿ ಸಿಗದೆ ಬೆಲ್ಲದ ಚಹಾ ಮಾಡಿದ. ಎರಡು ಲೋಟಕ್ಕೆ ಸೋಸಿ, ಒಂದನ್ನು ನೀನು ಕೂರುವ ಮಣೆಯ ಹತ್ತಿರ ಇಟ್ಟ. ಅಲ್ಲೇ ನಿಂತು, ಮತ್ತೆ ತಾನೇ ಎತ್ತಿಕೊಂಡು ಹೋದ. ನಾನು ನೋಡಿಲ್ಲ ಅಂದುಕೊಂಡಿದ್ದಾನೆ. ಈಗ ಪಡಸಾಲೆಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಾನೆ, ದೇವರಾಣೆ! ಎದುರು ಮನೆಯ ಅನ್ನಪೂರ್ಣಮ್ಮ ಗೇಟಿನ ತನಕ ಬಂದು, "ಏನ್ರಿ ವಾಮದೇವಪ್ಪೋರೇ, ಪೇಟೆ ರಜಾನೇನ್ರಿ?" ಎಂದು ಕೇಳಿದ್ದಕ್ಕೆ, "ದೇಶದ್ ಪೇಟಿನೇ ನಿಂತೈತ್ರಿ" ಎಂದು ಘನಗಂಭೀರವಾಗಿ ಘೋಷಿಸಿದ. ಅವರು ಹೋದ ಮೇಲೆ, ಗುತ್ತೂರಿಗೆ ಬಸ್ಸು ಎಷ್ಟೊತ್ತಿಗೈತೆ ಎಂದು ನನ್ನನ್ನು ಕೇಳಿದ. ಯಾಕೆ ಎಂದರೆ, "ಸುಮ್ನೆ" ಎಂದ.

ಅತ್ತೆಗೆ ನಮಸ್ಕಾರ, ಅತ್ತೆಯ ಬೆಕ್ಕಿಗೆ ಆಶೀರ್ವಾದ. ನೋಯುವ ಮಂಡಿಯನ್ನು ಬಿಟ್ಟು ಪಾದಗಳಿಗೆ ಮಾತ್ರ ಅಡ್ಡಬೀಳುವ,

ನಿನ್ನ ಮೊಮ್ಮಗಳು
ನಯನಾ

ಹೇಳಲು ಮರೆತೆ: ಅಜ್ಜನ ಚಹಾ ಕುದಿಯುವ ಮೊದಲೇ ಸಿಸ್ಟಂ ಎದ್ದು ಕುಳಿತಿತ್ತು. ಚಾರ್ಜಿಗೆ ಹಾಕುತ್ತೇನೆಂದು ಫೋನು ಇಸಕೊಂಡು ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟಿದ್ದೇನೆ. ಟಿವಿಯಲ್ಲಿ ಪೇಟೆ ಸುದ್ದಿ ನೋಡಿಬಿಡಬಾರದಲ್ಲ, ರಿಮೋಟಿನ ಸೆಲ್ಲುಗಳೂ ನನ್ನ ಕಿಸೆಯಲ್ಲಿವೆ. ಷೇರು ಕೊಂಡಿಲ್ಲ, ಹಣ ಹಾಗೇ ಇದೆ, ನೋಡಿದ್ದೇನೆ. ಕಂಪನಿಯವರು ರಜೆಯ ದಿನ ಬೇಕಂತಲೇ ಮಲಗಿಸಿ ಮಾಡುವ ಪರೀಕ್ಷೆಯನ್ನು ನಾನು ಬುಧವಾರ ಮಾಡಿದೆ, ಅಷ್ಟೇ. ಮಸ್ತಾನಸಾಬ್ ಮಾಮನ ಗಾಡಿ ವಾಪಸು ಬರುವಾಗ ಖಾಲಿ. ಮುಂದಿನ ಸೀಟಿನಲ್ಲಿ ಕೂತು ಬಂದುಬಿಡು. ಅವರೆಕಾಯಿ ಇನ್ನು ಅರ್ಧ ಪುಟ್ಟಿಯಷ್ಟೇ ಉಳಿದಿದೆ. ಮುಗಿದ ಕೂಡಲೇ ಫೋನು ಕೇಳುತ್ತಾನೆ.