ಮೊದಲ ವೀಳ್ಯ

ಯಗಟಿ
೧೧-೧-೧೯೭೯

ಮಗಳು ಶಂಕ್ರಿಗೆ ನಿನ್ನಪ್ಪನ ಆಶೀರ್ವಾದ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ತರೀಕೆರೆಯ ಬಾಲವಾಡಿ ಟ್ರೇನಿಂಗಿನಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತೀನಿ ಅಂತ ಬರೆದಿದ್ದೆಯಲ್ಲ, ಅದನ್ನು ಓದಿ ಹೇಳಿದಾಗ ನಿಮ್ಮವ್ವ ಮುದ್ದೆ ಕೋಲು ಹಿಡಿದು ಹಾಗೇ ಕೂತುಬಿಟ್ಟಳು. ಹಿಟ್ಟು ತಳ ಹತ್ತಿತು. ಇಲ್ಲಿ ರಾಗಿ ಒಕ್ಕಣೆ ಮುಗಿಯಿತು. ಕರಿ ಕುರಿ ಅವಳಿ ಹಾಕಿದೆ.

ನೀನು ಕೇಳಿದ್ದು ಇದ್ಯಾವುದೂ ಅಲ್ಲ. ನಿನ್ನ ಮಗ ಬೀರೇಶನನ್ನು ಯಾವಾಗ ಕರೆತರುತ್ತಾರೆ ಅಂತ ಕೇಳಿದ್ದೀಯ.

ನಿನ್ನ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು, ನಿನ್ನನ್ನು ಹೊರಗೆ ಹಾಕಿ, ಮಗುವನ್ನು ಇಟ್ಟುಕೊಂಡಾಗ ಅವನ ದೊಡ್ಡಪ್ಪ ಕರಿಸಿದ್ದಪ್ಪ ನನಗೆ ಮಾತು ಕೊಟ್ಟಿದ್ದ. ಕುಲದ ನ್ಯಾಯ ತೀರಿಸುವ ಶಿವನಿ ಕಟ್ಟೆಮನೆಗೆ ಅವನು ಯಜಮಾನ, ಯಗಟಿಯ ಕಟ್ಟೆಮನೆಗೆ ನಾನು. "ನಿಮ್ಮ ಮಾತು ತೆಗೆದಾಕಕ್ಕಾಯ್ತದಾ? ಸಂಕ್ರಾಂತಿಗೆ ನಾನೇ ಮಗೀನ ಕರ್ಕೊಂಡ್ ಬತ್ತೀನಿ" ಅಂದಿದ್ದ.

ಈ ನಡುವೆ ರಂಗಪ್ಪನ ಮಗಳ ಮದುವೆ ಬಂತು. ಯಜಮಾನ ಅಂತ ಮೊದಲ ವೀಳ್ಯ ನನ್ನ ಕೈಗೇ ಕೊಟ್ಟರು. ನನಗೆ ಕಿವಿ ಮಂದವಾಗಿದೆ, ನ್ಯಾಯ ಹೇಳುವಾಗ ಅರ್ಧ ಮಾತು ಕೇಳಿಸುವುದಿಲ್ಲ. ನಮ್ಮಪ್ಪ ಇದ್ದಕ್ಕಿದ್ದಂತೆ ತೀರಿಕೊಂಡಾಗ ಮುಂದಿನ ಯಜಮಾನ ಯಾರು ಅಂತ ಊರೇ ಎರಡಾಯಿತಲ್ಲ, ಹಾಗಾಗದಿರಲಿ ಅಂದುಕೊಂಡು, "ಈ ವೀಳ್ಯ ಇನ್ನೊಬ್ಬರ ಕೈಗೆ ಕೊಡೋ ಯೋಚ್ನೆ ಮಾಡ್ತಾ ಇದೀನಿ ಕಣ್ರಪ್ಪಾ" ಅಂದೆ. ಬಿಡುತ್ತೀನಿ ಅನ್ನಲಿಲ್ಲ. ಎರಡನೇ ಪಂಕ್ತಿಗೆಲ್ಲ ಬಡಿಸುವವರು, ಮುಂದಿನ ಯಜಮಾನ ಅವನೇ ಅನ್ನುವಂತೆ, ನಮ್ಮೂರ ಹೊನ್ನಯ್ಯನ ಎಲೆಗೆ ತುಪ್ಪ ಜಾಸ್ತಿ ಹಾಕುತ್ತಿದ್ದರು. ಅವನು ಕರಿಸಿದ್ದಪ್ಪನ ಅಳಿಯ ಅನ್ನುವುದು ನನಗೆ ಆಗ ಹೊಳೆಯಿತು.

ಮನೆಗೆ ಬಂದರೆ ನಿಮ್ಮವ್ವ, "ಮೊದ್ಲು ಮಗು ಮನೆ ಸೇರ್ಬಾರ್ದಾಗಿತ್ತಾ? ಆಮೇಲೆ ಯಜಮಾನಿಕೆ ಬಾವಿಗೆ ಹಾಕಿದ್ರೂ ಯಾರು ಕೇಳ್ತಿದ್ರು?" ಅಂದಳು.

ಮೊನ್ನೆ ಬೀರೂರಿನಲ್ಲಿ ರೈಲು ಹತ್ತಿ ಶಿವನಿಗೆ ಹೋದೆ. ಹೋದ ಸಲ ನನಗೆ ಹಾಸಿದ್ದ ಕಂಬಳಿ ಈ ಸಲ ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಜಗಲಿ ಅಂಚಿನಲ್ಲಿ ಕೂತೆ.

"ಹೊಸ ಯಜಮಾನ್ರು ಬರ್ಲಿ ಬಿಡಿ, ಅವ್ರ ಮುಂದೆ ಕೂತು ಮಾತಾಡಾನ" ಅಂದ ಕರಿಸಿದ್ದಪ್ಪ.

"ನಾನಿನ್ನೂ ಬಿಟ್ಟಿಲ್ವಲ್ಲಪ್ಪ. ಯೋಚ್ನೆ ಅಂದೆ ಅಷ್ಟೆ."

"ಯೋಚ್ನೆ ಬಂದ್ಮೇಲೆ ಬಿಟ್ಟಂಗೇ ಅಲ್ವೇನಪ್ಪಾ" ಅಂತ ನಕ್ಕ. ಕಾಫಿ ಮಾತ್ರ ಕೊಡಿಸಿದ.

ನೆನ್ನೆ ಊರವರನ್ನು ಕೂರಿಸಿ, ನಾನು ಬಿಡುವುದಿಲ್ಲ ಅಂದೆ. "ದಣಿದಿದೀಯ, ಸುಧಾರಿಸ್ಕೊ ಯಜಮಾನ" ಅಂದರು. ಎಷ್ಟು ಪ್ರೀತಿಯಿಂದ ಅಂದರು ಅಂತೀಯ. ಯುಗಾದಿಗೆ ಹೊನ್ನಯ್ಯನಿಗೆ ವೀಳ್ಯ ಕೊಡುವುದು ಅಂತ ಆಯಿತು. ಅವನು ತನ್ನ ಮಾವನ ಎದುರು ಬಾಯಿ ಬಿಡುವವನಲ್ಲ. ಸಂಕ್ರಾಂತಿಗೆ ದಾರಿ ನೋಡಬೇಡ ಮಗಳೇ.

ಚಳಿ ಜಾಸ್ತಿ, ಮೈಮೇಲೆ ನಿಗಾ ಇರಲಿ. ಹೊತ್ತು ಹೊತ್ತಿಗೆ ಉಣ್ಣು. ಬೀರಪ್ಪ ನಿನ್ನನ್ನು ಕಾಯಲಿ.

ನಿನ್ನಪ್ಪ
ಸಣ್ಣಬೀರಪ್ಪ

ಮತ್ತೆ: ಶಿವನಿಯಲ್ಲಿ ಬೀರೇಶನನ್ನು ನೋಡಿದೆ. ಬತ್ತಾಸು ಕೈಗಿಟ್ಟೆ. ತಗೊಂಡು ಒಳಗೆ ಓಡಿ, "ಅವ್ವಾ, ಯಾರೋ ತಾತ ಬಂದವ್ನೆ" ಅಂದ. ನಿನ್ನ ಗಂಡ ಕಟ್ಟಿಕೊಂಡವಳು ಬಂದು ಎತ್ತಿಕೊಂಡಳು. ನನ್ನ ಈ ಮಂದ ಕಿವಿಗೂ ಆ 'ಅವ್ವಾ' ಚೆನ್ನಾಗಿ ಕೇಳಿಸಿತು. ನಿಮ್ಮವ್ವನ ಹತ್ತಿರ ಮಗು ಮಲಗಿತ್ತು ಅಂದಿದ್ದೀನಿ. ಅವಳು ಕೇಳಿದರೆ ನೀನೂ ಹಾಗೇ ಅನ್ನು.