ಅಟ್ಟವಿಲ್ಲದ ಮನೆಗೆ ಬೆಕ್ಕೇಕೆ?

ಪ್ರಾಣಿ ಆಶ್ರಯ ಕೇಂದ್ರದ ಮೇಲಧಿಕಾರಿಗಳೇ,

ನಿಮ್ಮ ಕೇಂದ್ರದಲ್ಲಿರುವ ಒಂದು ಮುದಿ ಬೆಕ್ಕನ್ನು ಸಾಕಿಕೊಳ್ಳುತ್ತೇನೆಂದು ಕೇಳಿದೆ. ನೀವು ಕೊಡಲಿಲ್ಲ. ನನ್ನ ಮನೆಗೆ ಅಟ್ಟವಿಲ್ಲ ಎಂಬುದು ನಿಮ್ಮ ಕಾರಣ. ಓದಿದವರು ನಗಬಹುದು, ನಗಲಿ. ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ನಿಮ್ಮದೇ ಇಲಾಖೆಯ ಗೇಟಿನ ಮುಂದೆ ಧಿಕ್ಕಾರ ಕೂಗಿ ಗಂಟಲು ಹರಿದುಕೊಂಡವನು ನಾನು. ಈ ಸಲ ನಿಮ್ಮ ಕೇಂದ್ರದ ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನಲ್ಲಿ ಕೂತೆ. ಬಂದ ಬಸ್ಸುಗಳನ್ನೆಲ್ಲ ಹೋಗಲು ಬಿಟ್ಟೆ.

ನಮ್ಮ ಸೀಮೆಯಲ್ಲಿ ಬೆಕ್ಕಿಗೂ ಒಂದು ನೌಕರಿಯಿತ್ತು. ಅಟ್ಟಕ್ಕೇರಿದ ತೆಂಗಿನಕಾಯಿ ಅಲ್ಲೇ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗುವ ತನಕ ಇಲಿಗಳಿಂದ ಕಾಯುವುದು. ಎಳನೀರಿಗೇ ಒಳ್ಳೆ ರೇಟು ಸಿಗುವಾಗ ಅಷ್ಟು ದಿನ ಯಾರು ಕಾಯುತ್ತಾರೆ? ಅಟ್ಟ ಖಾಲಿಯಾಯಿತು, ಬೆಕ್ಕು ನಿರುದ್ಯೋಗಿಯಾಯಿತು. ಕೆಂಕೆರೆಯ ರೈತ ಹುಚ್ಚರಂಗಯ್ಯ ನಾನು ಕೇಳಿದ ಈ ಮುದಿ ಬೆಕ್ಕನ್ನು ಗೋಣಿಚೀಲದಲ್ಲಿ ತಂದು, ನಿಮ್ಮಲ್ಲಿ ಪ್ರಾಣಿಗಳಿಗೆ ಅನ್ನ ಹಾಕುವ ರಜಿಯಾ ಬೇಗಂ ಅವರ ಮುಂದೆ ಬಿಚ್ಚಿದರಂತೆ. “ಕೊಂದ್ರೆ ಪಾಪ ಸುತ್ಕಂತದೆ ಕಣಮ್ಮ, ನೀವೇ ಮಡಿಕ್ಕಳಿ. ಕಾಯೆಲ್ಲ ಎಳನೀರಿಗೇ ಕುಯ್ಸಿಬುಟ್ಟೆ. ಇದಕ್ಕಿನ್ನೇನು ಕೆಲ್ಸ?”

ನನ್ನ ಹೆಂಡತಿ ವನಜಾಕ್ಷಿ ಹೋದ ವರ್ಷ ತೀರಿಕೊಂಡಳು. ಆಮೇಲೆ ಒಲೆ ಹಚ್ಚುತ್ತೇನೆ, ಉಣ್ಣುತ್ತೇನೆ, ತಟ್ಟೆ ತೊಳೆದಿಡುತ್ತೇನೆ. ಅಳು ಬಂದಿಲ್ಲ. ಬೆಕ್ಕನ್ನು ನೋಡಲು ನಾನು ನಿಮ್ಮಲ್ಲಿಗೆ ಬಂದ ದಿನ ಅದು ಅನ್ನದ ಬಟ್ಟಲಿಗೆ ಬೆನ್ನು ಮಾಡಿ, ಗೋಡೆ ನೋಡುತ್ತಾ ಕೂತಿತ್ತು.

“ಮರಿ ತಗಳಿ ಸಾರ್, ಆಟ ಆಡ್ತವೆ,” ಎಂದರು ರಜಿಯಾ.

“ಆಟ ಬೇಡಮ್ಮ.”

“ಇದು ಯಾರನ್ನೂ ತಿರುಗಿ ನೋಡಲ್ಲ.”

“ನಾನೂ ಅಷ್ಟೇ.”

ಆಕೆ ಬಾಗಿಲು ತೆಗೆದುಕೊಟ್ಟರು. ಒಳಗೆ ಹೋಗಿ ನೆಲದ ಮೇಲೆ ಕೂತೆ. ಬಹಳ ಹೊತ್ತಾದ ಮೇಲೆ ಅದು ಹಿಂದಕ್ಕೆ ಸರಿದು ನನ್ನ ಮೊಣಕಾಲಿಗೆ ಬೆನ್ನು ತಾಗಿಸಿತು. ಮುಖ ಮಾತ್ರ ಗೋಡೆಗೇ. ನಡೆದದ್ದು ಇಷ್ಟೇ.

ಆಮೇಲೆ ನಿಮ್ಮ ಪರಿಶೀಲಕರು ಮನೆ ನೋಡಲು ಬಂದರು. ತಲೆಯೆತ್ತಿ ತಾರಸಿ ನೋಡಿದರು.

“ಅಟ್ಟ ಎಲ್ರೀ?”

“ಇಲ್ಲ.”

“ಇಲಿ ಕಾಟ?”

“ಅದೂ ಇಲ್ಲ ಸ್ವಾಮಿ.”

“ಮತ್ತೆ ಬೆಕ್ಕು ಯಾಕೆ?”

“ಸುಮ್ನೆ ಇರೋಕೆ.”

“ಸುಮ್ನೆ ಇರೋಕೆ ಅಂತ ಯಾರಾದ್ರೂ ಬೆಕ್ಕು ಸಾಕ್ತಾರೇನ್ರೀ? ನಾಳೆ ನೀವೂ ಚೀಲದಾಗೆ ತುಂಬ್ಕಂಡು ಬತ್ತೀರ.”

ಅವರ ಮಾತಿನಲ್ಲಿ ಅನುಭವವಿದೆ, ತಳ್ಳಿಹಾಕಲಾರೆ. ಆದರೆ ಆಮೇಲೆ ನೀವು ಮಾಡಿದ್ದೇನು? ‘ಸೂಕ್ತ ಉಪಯೋಗ’ವೆಂದು ಅದನ್ನು ಕೊಬ್ಬರಿ ಗೋದಾಮೊಂದಕ್ಕೆ ಕಳಿಸಿದಿರಿ. ಅದು ಚೀಲಗಳ ಮೇಲೆ ಮಲಗಿತು, ಇಲಿಗಳು ಪಕ್ಕದಲ್ಲೇ ಓಡಾಡಿಕೊಂಡಿದ್ದವು. ಗೋದಾಮಿನವರು ವಾಪಸು ತಂದು ಬಿಟ್ಟರು. ಈಗ ತಿಂಗಳ ಕೊನೆಗೆ ಯಾವುದೋ ತೋಟದಲ್ಲಿ ಅದನ್ನು ‘ಸ್ವಾಭಾವಿಕ ಪರಿಸರ’ಕ್ಕೆ ಬಿಡುತ್ತೀರಂತೆ. ಒಯ್ಯುವುದು ಗೋಣಿಚೀಲದಲ್ಲೇ ತಾನೇ? ಹುಚ್ಚರಂಗಯ್ಯ ಮಾಡಿದರೆ ಕೈಬಿಟ್ಟಂತೆ, ನೀವು ಮಾಡಿದರೆ ಯೋಜನೆಯೇ? ಬಾಗಿಲ ಮೇಲೆ ಆಶ್ರಯವೆಂದು ಬರೆಸಿ, ಒಳಗೆ ಬಂದವರನ್ನು ‘ನಿನ್ನಿಂದೇನು ಪ್ರಯೋಜನ’ ಎಂದು ಕೇಳುವುದು ಯಾವ ಸೀಮೆಯ ನ್ಯಾಯ? ದುಡಿಯಲಾರದವರಿಗೂ ಬದುಕುವ ಹಕ್ಕಿದೆಯೆಂದು ನಾವು ಬೀದಿಗಿಳಿದಿದ್ದೆವು. ಆ ಸಾಲಿನಲ್ಲಿ ಬೆಕ್ಕೂ ನಿಂತಿದೆಯೆಂದು ಆಗ ನನಗೆ ಹೊಳೆದಿರಲಿಲ್ಲ.

ಆ ಬೆಕ್ಕನ್ನು ನನಗೆ ಕೊಡಿ. ಅದಕ್ಕೆ ಕೆಲಸ ಹೇಳುವುದಿಲ್ಲ. ಅಟ್ಟವಿಲ್ಲದವರಿಗೆ ಬೆಕ್ಕಿಲ್ಲ ಎನ್ನುವ ನಿಮ್ಮ ನಿಯಮವನ್ನು ತೆಗೆಯಿರಿ.

ಸೋಮವಾರ ಬೆಳಿಗ್ಗೆ ಬರುತ್ತೇನೆ. ಬಾವುಟ, ಮೈಕು ಯಾವುದೂ ಇರುವುದಿಲ್ಲ. ವನಜಾಕ್ಷಿ ಸಂತೆಗೆ ಒಯ್ಯುತ್ತಿದ್ದ ಬಿದಿರಿನ ಬುಟ್ಟಿ ತರುತ್ತೇನೆ. ನೀವು ಕೊಡುವ ತನಕ ನಾನೂ ಆ ಬೆಕ್ಕಿನ ಪಕ್ಕದಲ್ಲಿ ಗೋಡೆ ನೋಡುತ್ತಾ ಕೂತಿರುತ್ತೇನೆ.

ಇಂತಿ,
ಇಲಿ ಹಿಡಿಯಲು ಬಾರದ
ಇನ್ನೊಬ್ಬ,
ತಿಪಟೂರು