ಪಾಂಡುವಿನ ಪಾಲು

ಬೈಂದೂರು
೧೪-೮-೧೯೬೪, ಶುಕ್ರವಾರ

ತ್ರಾಸಿಯ ತವರಿನಲ್ಲಿ ಬೇರೂರಿ ಕುಳಿತಿರುವ ಗಿರಿಜೆಗೆ, ನಿನ್ನ ಗಂಡ ಭೋಜನ ಸೋದರಮಾವ ಕಿಟ್ಟ ಶೆಟ್ಟಿಯ ಆಶೀರ್ವಾದ. ನಾವೆಲ್ಲ ಕ್ಷೇಮ. ಎಲ್ಲ ಎಂದರೆ ನಾಯಿಯೂ ಸೇರಿತು. ನಾನು ಓದಿದ್ದು ಐದನೇ ಕ್ಲಾಸು, ಆದರೂ ನನ್ನಷ್ಟು ಚಂದ ಕಾಗದ ಬರೆಯುವವರು ಈ ಊರಲ್ಲಿಲ್ಲ.

ಸೊಸೆಯಂದಿರು ತವರಲ್ಲಿ ಕೂರುವ ಆಸಾಡಿ ತಿಂಗಳು ನಾಡಿದ್ದಿಗೆ ಮುಗಿಯುತ್ತದೆ. ನಿನ್ನ ಅತ್ತೆ ಅಮ್ಮಣ್ಣಿ, ನನ್ನ ಸ್ವಂತ ತಂಗಿ, ಜಗಲಿಯಲ್ಲಿ ಕುಳಿತು "ಆಸಾಡಿ ಕಳಿಲಿ, ಅದ್ ಬಾರ್ದಿರೆ ಬ್ಯಾರೆ ಹೆಣ್ಣ್ ಕಾಂಬ" ಎಂದಳು. ಅದು ಎಂದರೆ ನೀನೇ. ಭೋಜ ಎಲೆಯಡಿಕೆ ಜಗಿಯುತ್ತಿದ್ದ. ಇನ್ನೊಂದು ಎಲೆಗೆ ಸುಣ್ಣ ಹಚ್ಚಿದ. ನೀನೋ, ನಮ್ಮ ಆಳು ಶೀನನ ಕೈಯಲ್ಲಿ "ಪಾಂಡು ಇತ್ತಲೆ, ಅದ್ಕೇ ಬತ್ತೆ. ಇಲ್ದಿರೆ ಬತ್ತಿಲ್ಲೆ" ಎಂದು ಹೇಳಿ ಕಳಿಸಿದ್ದೀ. ಗಂಡನ ಹೆಸರಿಲ್ಲ, ನಾಯಿಯ ಹೆಸರಿದೆ. ಭೇಷ್.

ಆ ನಾಯಿ ನಿನಗೆ ಸಿಕ್ಕಿದ್ದೂ ನನ್ನಿಂದಲೇ. ಮಗು ಹೋದ ಮೇಲೆ ನೀನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ, ಲೋಕದಲ್ಲಿ ನಿನ್ನೊಬ್ಬಳ ಕೂಸೇ ಸತ್ತ ಹಾಗೆ. ನಾನು ಮೂರನ್ನು ಮಣ್ಣು ಮಾಡಿ ಅದೇ ದಿನ ಗಂಜಿ ಉಂಡವನು. ಚೇಷ್ಟೆಗೆಂದೇ ಒಂದು ಮರಿ ತಂದು ಖಾಲಿ ತೊಟ್ಟಿಲಿಗೆ ಹಾಕಿ, ನೀನು ಕಿರುಚುವುದನ್ನು ಕೇಳಲು ಬಾಗಿಲ ಹಿಂದೆ ನಿಂತೆ. ನೀನು ಕಿರುಚಲಿಲ್ಲ. ಎದ್ದು ಅದನ್ನೆತ್ತಿ ಸೆರಗಿನೊಳಗೆ ಇಟ್ಟುಕೊಂಡೆ. ನೀನು ಉಣ್ಣದೆ ಅದು ಉಣ್ಣದು, ಹಾಗಾಗಿ ನೀನೂ ಉಂಡೆ. ತಿಂಗಳುಗಟ್ಟಲೆ ಬಾಯಿ ಬಿಡದವಳು ಅದರ ಜೊತೆ ಮಾತಾಡಿದೆ. ವೈದ್ಯರು ಸೋತಲ್ಲಿ ಕಿಟ್ಟ ಶೆಟ್ಟಿ ಗೆದ್ದ.

ನೀನು ತವರಿಗೆ ಹೊರಟ ದಿನ ಕಂಡಕ್ಟರ್ ನಾಯಿಯನ್ನು ಬಸ್ಸು ಹತ್ತಿಸದೆ ಹೋದಾಗ ನೀನು ಕೈಮುಗಿದು "ಮಾವಯ್ಯ, ಪಾಂಡುವನ್ನ್ ಬೇಂಟಿಗೆ ಕರ್ಕಂಡ್ ಹೋಪ್ದ್ ಬ್ಯಾಡ" ಎಂದಿದ್ದೆ. ಬೇಟೆಗೆ ಒಯ್ಯುವುದಿಲ್ಲವೆಂದು ನಾನು ಮಾತು ಕೊಟ್ಟಿದ್ದೆ. ನಿನ್ನೆ ಮರಗೆಣಸಿನ ತೋಟಕ್ಕೆ ಹಂದಿ ನುಗ್ಗಿತು. ಕೋರೆ ನನ್ನ ಗೇಣುದ್ದ. ಎರಡನೇ ಗುಂಡಿಗೆ ಕೆಡವಿದೆ. ನಡುವೆ ಕೋವಿ ತುಂಬುವಷ್ಟು ಹೊತ್ತು ಅದು ನನ್ನ ಮೇಲೆ ಬೀಳದಂತೆ ಯಾರು ತಡೆದರೆಂದು ಊರವರು ಏನೇನೋ ಹೇಳುತ್ತಾರೆ, ನಂಬಬೇಡ. ಪಾಂಡು ಆಗ ಜಗಲಿಯಲ್ಲಿ ಮಲಗಿತ್ತು. ನಮ್ಮ ಬೇಟೆಯ ಕಟ್ಟಳೆ ನಿನಗೂ ಗೊತ್ತು, ನಿನ್ನ ಅಪ್ಪ ನಮ್ಮ ತಂಡದವರೇ. ಬೇಟೆಗೆ ಬಂದ ನಾಯಿಗೆ ಒಂದು ಪಾಲು. ಬೇಟೆಯಲ್ಲಿ ಸತ್ತ ನಾಯಿಗೆ ಎರಡು, ಅದು ಸಾಕಿದವರ ಮನೆಗೆ. ಆ ಪಾಲು ತಪ್ಪಿಸಿದವನ ಕೋವಿ ಮತ್ತೆ ಗುರಿ ಹಿಡಿಯುವುದಿಲ್ಲ.

ಒಂದು ಮಾತು. ನೀನು ಬರುವಾಗ ಪಾಂಡು ತುಸು ಬೇರೆ ಕಂಡೀತು. ಬಾಲದ ಬಿಳಿ ತುದಿ ಮಳೆಗೆ ಕಪ್ಪಾಗಿದೆ. ಮೈಮೇಲೆ ಹಾರುವ ಚಾಳಿಯನ್ನು ನಾನೇ ಬಿಡಿಸಿದ್ದೇನೆ. ಹೆಸರು ಕರೆದರೆ ಓಡಿ ಬರದಿದ್ದರೆ ಅದು ಕಲಿತ ಶಿಸ್ತು ಎಂದು ತಿಳಿ. ಭಾನುವಾರದ ಮೊದಲ ಬಸ್ಸಿಗೇ ಬಾ. ನಾಯಿಗಾಗಿಯಾದರೂ ಬಾ.

ಗುರಿ ತಪ್ಪದ ನಿನ್ನ
ಕಿಟ್ಟ ಮಾವ

ತಾ.ಕ.: ಕಾಗದದ ಜೊತೆ ಶೀನನ ಕೈಯಲ್ಲಿ ಹಂದಿ ಮಾಂಸ ಕಳಿಸಿದ್ದೇನೆ. ಅವನು ಅಳುಬುರುಕ, ಅವನನ್ನು ಏನೂ ಕೇಳಬೇಡ. ಬಾಳೆಲೆಯ ಕಟ್ಟು ಎರಡಿವೆ. ಎರಡೂ ನಿನ್ನವೇ.